ಪದಚರ್ಚೆ: 'ಗುಲಾಮ' ಒಂದು, ಟ್ವಿ ಪದಗಳು ಐದು

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಅಸಾಂತೆ ರಾಜ್ಯದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಈಗಿನ ಘಾನಾದಲ್ಲಿ ಕುಮಾಸಿಯನ್ನು ರಾಜಧಾನಿ ಮಾಡಿಕೊಂಡು ಬೆಳೆದ ರಾಜ್ಯ ಅದು. ಮೂರನೇ ಅಧ್ಯಾಯದಲ್ಲಿ ಗಾಡಿ ಕೆಸರಿಗೆ ಸಿಕ್ಕಿದೆ. ಇಂಗ್ಲಿಷ್ ಪುಸ್ತಕಗಳು 'ಸ್ಲೇವ್' ಅಂದ ಕಡೆಯಲ್ಲೆಲ್ಲ ನಾನು 'ಗುಲಾಮ' ಅಂತ ಹಾಕಿಕೊಂಡು ಬಂದಿದ್ದೆ. ಆಮೇಲೆ ನೋಡಿದರೆ, ಅಸಾಂತೆಯವರ ಟ್ವಿ ಭಾಷೆಯಲ್ಲಿ ಆ ಒಂದು ಜಾಗಕ್ಕೆ ಐದು ಪದ ಇವೆ: ಅಕೊಆ, ಅವೊವಾ, ದೊಮ್ಮುಮ್, ಅಚೆರೆ, ಒಡೊಂಕೊ. ಐದೂ ಬೇರೆ ಬೇರೆ ಪಾಡಿನ ಜನ. ಇವಕ್ಕೆ ಕನ್ನಡದಲ್ಲಿ ಏನು ಹೇಳೋಣ?

ಮೊದಲು 'ಗುಲಾಮ'ನ ಮಾತು. ಅರಬ್ಬಿಯಲ್ಲಿ ಅದಕ್ಕೆ ಹುಡುಗ ಅಂತ ಅರ್ಥ. ನಮ್ಮ ಮಕ್ಕಳಿಗೆ ಅದು ಇಸ್ಪೀಟೆಲೆಯಲ್ಲಿ ರಾಜ, ರಾಣಿಯರ ಕೆಳಗೆ ಕೂತವನು. 'ದಾಸ' ಅನ್ನೋಣವೆಂದರೆ ಪುರಂದರದಾಸರು, ಕನಕದಾಸರು ಕಣ್ಣ ಮುಂದೆ ಬರುತ್ತಾರೆ. ನಾವು ಗೌರವದಿಂದ ಹೇಳುವ ಪದವನ್ನು ಸರಪಳಿ ಹಾಕಿಸಿಕೊಂಡವರ ಮೇಲೆ ಹೊರಿಸಲು ಮನಸ್ಸು ಒಪ್ಪುವುದಿಲ್ಲ. 'ತೊತ್ತು' ಅಂದರೆ ಬೈಗುಳವೇ ಆಯಿತು, ಅದೂ ಜಾಸ್ತಿ ಹೆಂಗಸರಿಗೆ.

ಅಕೊಆ ಅಂದರೆ ಇನ್ನೊಬ್ಬರ ಕೈಕೆಳಗಿನವನು. ದೊಡ್ಡ ಪಾಳೆಯಗಾರನಂಥವನೂ ರಾಜನ ಮುಂದೆ ಅಕೊಆನೇ. ಇದಕ್ಕೆ 'ಆಳು' ಚೆನ್ನಾಗಿ ಕೂರುತ್ತದೆ. ನಮ್ಮಲ್ಲೂ ಆಳು ಅಂದರೆ ಕೆಲಸದವನು ಹೌದು, ಸೈನಿಕ ಹೌದು, ಸುಮ್ನೆ ಒಬ್ಬ ಮನುಷ್ಯ ಅಂತಲೂ ಹೌದು.

ಅವೊವಾ ನನಗೆ ಜಾಸ್ತಿ ತಲೆನೋವು ಕೊಟ್ಟಿದೆ. ಒಂದು ಮನೆತನ ಸಾಲ ತೆಗೆಯುತ್ತದೆ, ಅಡವಾಗಿ (ಸಾಲಕ್ಕೆ ಒತ್ತೆಯಾಗಿ) ಮನೆಯ ಹುಡುಗನನ್ನೋ ಹುಡುಗಿಯನ್ನೋ ಬಿಡುತ್ತದೆ. ಆ ಹುಡುಗಿ ಮಾಡುವ ದುಡಿಮೆ ಬಡ್ಡಿಗೆ ವಜಾ. ಅಸಲು ತೀರಿದ ದಿನ ಮನೆಗೆ ವಾಪಸ್. ಅಷ್ಟು ದಿನವೂ ಅವಳಿಗೆ ಮನೆತನ ಇದೆ, ಕೇಳುವವರು ಇದ್ದಾರೆ. 'ಒತ್ತೆಯಾಳು' ಅನ್ನುವುದು ಅಕ್ಷರಕ್ಕಕ್ಷರ ಇದೇ: ಒತ್ತೆ ಇಟ್ಟ ಆಳು. ಆದರೆ ಪೇಪರಿನವರು ಆ ಪದವನ್ನು ವಿಮಾನ ಅಪಹರಣಕ್ಕೆ ಕೊಟ್ಟುಬಿಟ್ಟಿದ್ದಾರೆ. ಓದುವ ಹುಡುಗರಿಗೆ ಪಿಸ್ತೂಲು ಹಿಡಿದವರು ನೆನಪಾಗುತ್ತಾರೆ. 'ಜೀತದಾಳು' ಹತ್ತಿರ ಬರುತ್ತದೆ. ಜೀತ ಅಂದರೆ ಹಳಗನ್ನಡದಲ್ಲಿ ಸಂಬಳ, ತೆಲುಗಿನವರಿಗೆ ಇವತ್ತಿಗೂ ಸಂಬಳವೇ. ನಮ್ಮಲ್ಲಿ ಮಾತ್ರ ಅದು ಸಂಬಳವಿಲ್ಲದ ದುಡಿಮೆ ಆಗಿ ಕೂತಿದೆ. ಸದ್ಯಕ್ಕೆ 'ಅಡವಿನಾಳು' ಅಂತ ಬರೆದಿದ್ದೇನೆ. ನಿಮಗೆ ಕಿವಿಗೆ ಹೇಗನಿಸುತ್ತದೆ?

ಯುರೋಪಿನ ವ್ಯಾಪಾರಿಗಳ ಕೈಗೆ ಸಿಕ್ಕು ಕೆಟ್ಟದ್ದು ಮುಖ್ಯವಾಗಿ ಈ ಅವೊವಾ ಪದವೇ. ಹಡಗಿನ ಕಪ್ತಾನ ಬಟ್ಟೆ, ಕೋವಿ, ಮದ್ದುಗುಂಡು ಸಾಲ ಕೊಡುತ್ತಿದ್ದ, ಅದನ್ನು ತೀರಿಸಲು ಮಾರಾಟದ ಜನರನ್ನು ತಂದುಕೊಡಬೇಕು. ಕರಾವಳಿಯ ದಲ್ಲಾಳಿ ತನ್ನ ಕಡೆಯವರನ್ನು ಒತ್ತೆ ಬಿಡುತ್ತಿದ್ದ. ಒಪ್ಪಿದ ಹೊತ್ತಿಗೆ ಜನ ಸಿಗದಿದ್ದರೆ ಕಪ್ತಾನ ಒತ್ತೆಯವರನ್ನೇ ಏರಿಸಿಕೊಂಡು ಹೊರಡುತ್ತಿದ್ದ. ಊರಿನ ಕಟ್ಟಳೆಯಲ್ಲಿ ವಾಪಸ್ ಬರಬೇಕಾದ ಹುಡುಗಿ, ಹಡಗಿನ ಲೆಕ್ಕದಲ್ಲಿ ಸರಕು. ಸಾಲಗಾರ ಸಿಗದಿದ್ದರೆ ಅವನ ನೆಂಟರನ್ನೋ ಊರಿನವರನ್ನೋ ಹಿಡಿದು ಇಟ್ಟುಕೊಳ್ಳುವುದೂ ಇತ್ತು. ಅದಕ್ಕೆ ಆ ಕರಾವಳಿಯ ಇಂಗ್ಲಿಷಿನಲ್ಲಿ 'ಪಾನ್ಯಾರಿಂಗ್' ಅಂತಿದ್ದರು. ಬೇರು ಪೋರ್ಚುಗೀಸ್, ಒತ್ತೆ ಅನ್ನುವ ಅರ್ಥದ 'ಪೆನ್ಯೋರ್'. ಇದಕ್ಕೆ ನಾನು 'ಆಳುಜಪ್ತಿ' ಅಂತ ಹಾಕಿದ್ದೇನೆ. ಜಪ್ತಿ ಅಂದರೆ ಎಲ್ಲರಿಗೂ ಗೊತ್ತು, ಪಾತ್ರೆ ಪಡಗವನ್ನು ಎತ್ತಿಕೊಂಡು ಹೋದ ಹಾಗೆ.

ದೊಮ್ಮುಮ್ ಸುಲಭ: ಯುದ್ಧದಲ್ಲಿ ಸಿಕ್ಕ ಸೆರೆಯಾಳು. ಅಚೆರೆ ಅಂದರೆ ಸಾವಿನ ಶಿಕ್ಷೆ ಆಗಿ, ಅರಸುಮನೆಯವರು ಸತ್ತಾಗ ಜೊತೆಗೆ ಕೊಲ್ಲಲೆಂದು ಉಳಿಸಿಕೊಂಡವನು. ಹೊಯ್ಸಳ ಕಾಲದ ಶಾಸನಗಳ 'ವೇಳೆವಾಳಿ' ನೆನಪಾಯಿತು. ಆದರೆ ವೇಳೆವಾಳಿ ತಾನೇ ಮಾತು ಕೊಟ್ಟು ಒಡೆಯನ ಜೊತೆ ಸಾಯುವವನು. ಅಚೆರೆಯನ್ನು ಯಾರೂ ಕೇಳಿಲ್ಲ. ಹಾಗಾಗಿ ಆ ಪದ ಬಿಟ್ಟೆ.

ಒಡೊಂಕೊ ಅಂದರೆ ಹೊರಗಿನಿಂದ ಕೊಂಡು ತಂದವನು. ಹೆಚ್ಚಿನವರು ಉತ್ತರದ ಹುಲ್ಲುಗಾವಲು ಸೀಮೆಯವರು. ಗೊಂಜಾ, ದಗೊಂಬಾ ರಾಜ್ಯಗಳು ಅಸಾಂತೆಗೆ ಕಪ್ಪ ಕೊಡುವಾಗಲೂ ಜನರನ್ನು ಕಳಿಸುತ್ತಿದ್ದವು. ಅಸಾಂತೆಯಲ್ಲಿ ಕುಲ ತಾಯಿಯ ಕಡೆಯಿಂದ, ನಮ್ಮ ಕರಾವಳಿಯ ಅಳಿಯಕಟ್ಟಿನ ಹಾಗೆ. ಒಡೊಂಕೊ ಹೆಂಗಸಿಗೆ ಅಲ್ಲಿ ಕುಲವೇ ಇಲ್ಲ. ಹಾಗಾಗಿ ಅವಳ ಮಕ್ಕಳು ಯಜಮಾನನ ಮನೆತನಕ್ಕೇ ಸೇರುತ್ತಿದ್ದರು. ಎರಡು ಮೂರು ತಲೆಮಾರು ಕಳೆದರೆ ಅವರೂ ಮನೆಯವರೇ. 'ಯಾರೂ ಇನ್ನೊಬ್ಬರ ಮೂಲ ಎತ್ತಿ ಆಡಬಾರದು' ಅನ್ನುವ ಕಟ್ಟಳೆ ಅಸಾಂತೆಯಲ್ಲಿ ಹೆಸರುವಾಸಿ. ಇಷ್ಟೆಲ್ಲ ಇದ್ದೂ ಒಡೊಂಕೊ ಅನ್ನುವುದು ಬೈಗುಳವಾಗಿ ಉಳಿದಿದೆ. ಕಟ್ಟಳೆ ಮಾಡಬೇಕಾಗಿ ಬಂತು ಅಂದರೆ ಜನ ಆಡಿಕೊಳ್ಳುತ್ತಿದ್ದರು ಅಂತಲೇ ಅಲ್ವಾ?

ಈ ಐದೂ ಪದ ಕರಾವಳಿಯ ಕೋಟೆ ಬಾಗಿಲು ದಾಟುವಾಗ ಒಂದೇ ಆಗಿಬಿಡುತ್ತಿತ್ತು. ತಮಾಷೆ ಅಂದರೆ, ಪೋರ್ಚುಗೀಸರು 1482ರಲ್ಲಿ ಎಲ್ಮಿನಾ ಕೋಟೆ ಕಟ್ಟಿದ್ದು ಚಿನ್ನಕ್ಕಾಗಿ. ಆಗ ಅವರು ಬೆನಿನ್ ಕಡೆಯಿಂದ ಜನರನ್ನು ತಂದು ಇಲ್ಲಿ ಮಾರಿ ಚಿನ್ನ ಒಯ್ಯುತ್ತಿದ್ದರು. 1637ರಲ್ಲಿ ಕೋಟೆ ಡಚ್ಚರ ಪಾಲಾಯಿತು. 1701ರಲ್ಲಿ ಅಸಾಂತೆಯ ಅರಸ ಒಸೆಯಿ ಟುಟು ಡೆಂಚಿರಾ ರಾಜ್ಯವನ್ನು ಸೋಲಿಸಿ ಅಸಾಂತೆಯನ್ನು ಮೇಲೆತ್ತಿದ. ಅಷ್ಟೊತ್ತಿಗೆ ಗಾಳಿ ತಿರುಗಿತ್ತು, ಈ ಕಡೆಯಿಂದಲೇ ಜನ ಹಡಗು ಹತ್ತುತ್ತಿದ್ದರು. ಅಟ್ಲಾಂಟಿಕ್ ದಾಟಿಸಲು ಹಡಗಿಗೆ ಹಾಕಿದವರು ಒಟ್ಟು ಸುಮಾರು 1 ಕೋಟಿ 25 ಲಕ್ಷ. ಅದರಲ್ಲಿ ಗೋಲ್ಡ್ ಕೋಸ್ಟಿನಿಂದ, ಅಂದರೆ ಈಗಿನ ಘಾನಾದ ಕರಾವಳಿಯಿಂದ, ಹೋದವರು ಸುಮಾರು 12 ಲಕ್ಷ. ನಾನು ಎಲ್ಲ ಕಡೆ 'ಗುಲಾಮ' ಅಂತ ಬರೆದರೆ ಕೋಟೆಯ ಗುಮಾಸ್ತನ ಕೆಲಸವನ್ನೇ ಕನ್ನಡದಲ್ಲಿ ಮುಂದುವರಿಸಿದ ಹಾಗೆ.

ಈಗ ವ್ಯಾಕರಣದ ತೊಡಕು. ಗುಲಾಮರಾಗಿ ಯಾರೂ ಹುಟ್ಟಲಿಲ್ಲ, ಇನ್ನೊಬ್ಬರು ಹಾಗೆ ಮಾಡಿದರು ಅಂತ ತೋರಿಸಬೇಕು. 'ಗುಲಾಮರನ್ನಾಗಿಸಲ್ಪಟ್ಟವರು' ಅಂತ ಬರೆದರೆ ನನ್ನ ಹೆಂಡತಿಯೇ ಪುಸ್ತಕ ಮುಚ್ಚಿ ಎದ್ದು ಹೋಗುತ್ತಾಳೆ. 'ಹಿಡಿದು ಮಾರಿದವರು' ಅಂದರೆ ಮಾರಿದ್ದು ಇವರೋ, ಮಾರಾಟವಾದದ್ದು ಇವರೋ? ಕನ್ನಡದಲ್ಲಿ ಎರಡೂ ಆಗುತ್ತದೆ. ಅಸಾಂತೆಯ ಚರಿತ್ರೆಯಲ್ಲಿ ಈ ಗೊಂದಲ ಸಣ್ಣದಲ್ಲ. ಅಸಾಂತೆಯವರೇ ಗೆದ್ದು ಮಾರಿದ್ದಾರೆ, ಅಸಾಂತೆಯವರೂ ಮಾರಾಟವಾಗಿದ್ದಾರೆ. 'ಮಾರಿಹೋದವರು' ಅಂದರೆ ಲಂಚ ತಿಂದ ರಾಜಕಾರಣಿ ನೆನಪಾಗುತ್ತಾನೆ. 'ಸೆರೆಸಿಕ್ಕವರು' ಸಲೀಸಾಗಿದೆ, ಆದರೆ ಹಿಡಿದವನು ಕಾಣದಂತಾಗುತ್ತಾನೆ, ಮಳೆಗೆ ಸಿಕ್ಕವರು ಅಂದ ಹಾಗೆ. ನಾನು ಕಂಡುಕೊಂಡ ದಾರಿ: ಹೆಸರುಪದದ ಹಟ ಬಿಟ್ಟು, ಮಾಡಿದವರನ್ನು ಮುಂದಿಟ್ಟು ವಾಕ್ಯ ಬರೆಯುವುದು. 'ಡಚ್ಚರು 200 ಜನರನ್ನು ಕೊಂಡು ಹಡಗಿಗೆ ಹಾಕಿದರು' ಅಂತ. ಶೀರ್ಷಿಕೆಗಳಿಗೆ ಮಾತ್ರ ಇದು ಸಾಲದು.

ಇನ್ನೊಂದು ಸಣ್ಣ ವಿಷಯ, ರಾಜನದು. ಅಸಾಂತೆಯ ದೊರೆ 'ಅಸಾಂತೆಹೆನೆ'. ಬ್ರಿಟಿಷರು 1874ರಲ್ಲಿ ಕುಮಾಸಿ ಸುಟ್ಟರು. 1896ರಲ್ಲಿ ಆಗಿನ ದೊರೆ ಒಂದನೇ ಪ್ರೆಂಪೆಯನ್ನು ಹಿಡಿದರು, 1900ರಲ್ಲಿ ಸೇಶೆಲ್ಸ್ ದ್ವೀಪಕ್ಕೆ ಸಾಗಿಸಿದರು. 1924ರಲ್ಲಿ ಅವನು ವಾಪಸ್ ಬಂದಾಗ ಬರೀ ಒಬ್ಬ ಸಾಮಾನ್ಯ ಮನುಷ್ಯ. 1926ರಲ್ಲಿ 'ಕುಮಾಸಿಹೆನೆ' ಅನ್ನುವ ಪಟ್ಟ ಕೊಟ್ಟರು. ಅಂದರೆ ಕುಮಾಸಿ ಒಂದಕ್ಕೆ ಒಡೆಯ, ದೇಶಕ್ಕಲ್ಲ. ಅಸಾಂತೆಹೆನೆ ಅನ್ನುವ ಪಟ್ಟಕ್ಕೆ ಮತ್ತೆ ಮಾನ್ಯತೆ ಸಿಕ್ಕಿದ್ದು 1935ರಲ್ಲಿ, ಎರಡನೇ ಪ್ರೆಂಪೆಗೆ. ನಾವು ಕನ್ನಡದಲ್ಲಿ ಆಫ್ರಿಕಾದ ದೊರೆಗಳಿಗೆಲ್ಲ 'ಬುಡಕಟ್ಟಿನ ಮುಖಂಡ' ಅಂತ ಬರೆಯುವಾಗ ಆ ಬ್ರಿಟಿಷರ ಅಳತೆಗೋಲನ್ನೇ ಹಿಡಿದಿರುತ್ತೇವೆ. ನಾನು 'ಅರಸ' ಅಂತಲೇ ಬರೆಯುತ್ತೇನೆ. ಇದರಲ್ಲಿ ಸಲಹೆ ಬೇಡ, ಜಗಳ ಆಡುವವರು ಆಡಬಹುದು.

ನನಗೆ ನಿಜವಾಗಿ ಬೇಕಾಗಿರುವುದು ಒಡೊಂಕೊಗೆ ಒಂದು ಪದ. 'ಕೊಂಡ ಆಳು' ಸೇರಿಸಿ 'ಕೊಂಡಾಳು' ಅಂತ ಮಾಡಿದೆ. ಕರಡು ಓದಿದ ಮಗಳು, 'ಯಾರು, ಏನು ಕೊಂಡಾಳು?' ಅಂತ ಕೇಳಿದಳು. ದಕ್ಷಿಣ ಕನ್ನಡದ 'ಮೂಲದಾಳು' ಗೊತ್ತು, ಆದರೆ ಅದು ತಲೆತಲಾಂತರದಿಂದ ಭೂಮಿಗೆ ಕಟ್ಟಿಹಾಕಿದವರ ಮಾತು. ಹೊರಗಿನಿಂದ ದುಡ್ಡು ಕೊಟ್ಟು ತಂದ ಆಳಿಗೆ ನಿಮ್ಮ ಊರಿನ ಹಳಬರ ಬಾಯಲ್ಲೋ, ಹಳೆಯ ಕಡತದಲ್ಲೋ ಬೇರೆ ಹೆಸರು ಇದ್ದರೆ ತಿಳಿಸಿ. ಬೈಗುಳವಾದರೂ ಪರವಾಗಿಲ್ಲ, ಯಾವ ಊರಿನದು ಅಂತ ಜೊತೆಗೆ ಬರೆಯಿರಿ.