ಲ್ಯಾಪ್‌ಟಾಪ್ ಬದಲು ಒಂದು ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ ಸಾಕಾಗುತ್ತಾ?

ಬಿಸಿಲೂರು_ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಜೆಟ್ 70 ಸಾವಿರ, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ಮೆಕ್ಯಾನಿಕಲ್ ಎರಡನೇ ವರ್ಷ, ಕಲಬುರಗಿ, ಎಸಿ ಇಲ್ಲದ ಹಾಸ್ಟೆಲ್. ಓದಿಗೆ ಲ್ಯಾಪ್‌ಟಾಪ್, ಆಟಕ್ಕೆ ಕನ್ಸೋಲ್, ಸಿನಿಮಾಕ್ಕೆ ಟ್ಯಾಬ್ ಅಂತ ಮೂರು ತೆಗೆದುಕೊಳ್ಳುವ ಬದಲು ಕೈಯಲ್ಲಿ ಹಿಡಿದು ಆಡೋ ಪಿಸಿಗಳಾದ ಸ್ಟೀಮ್ ಡೆಕ್ ಅಥವಾ ಆರ್‌ಓಜಿ ಅಲೈ ಒಂದನ್ನೇ ತೆಗೆದುಕೊಂಡು, ಅದಕ್ಕೆ ಡಾಕ್ (ಮಾನಿಟರ್, ಕೀಬೋರ್ಡ್ ಸಿಕ್ಕಿಸೋ ಪೆಟ್ಟಿಗೆ), ಕೀಬೋರ್ಡ್, ಮೌಸ್, 22 ಇಂಚಿನ ಮಾನಿಟರ್ ಸೇರಿಸಿದರೆ ಎಲ್ಲ ಮುಗಿಯಿತಲ್ಲ?

ಬೇಕಿರೋದು: ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಕನ್ನಡ ಟೈಪಿಂಗ್ (ಕಾಲೇಜು ಪತ್ರಿಕೆಯ ಕೆಲಸ ಇದೆ), ವಾರಾಂತ್ಯಕ್ಕೆ ವ್ಯಾಲೊರಂಟ್ ಆಟ. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಊಟ ಆದಮೇಲೆ ಮಲಗೋವರೆಗೂ ಆಡೋ ಹಾಗಿರಬೇಕು. ಯೂಟ್ಯೂಬಿನಲ್ಲಿ ನೋಡಿದರೆ ಎಲ್ಲರೂ "ಇದೊಂದಿದ್ದರೆ ಸಾಕು" ಅಂತಾರೆ. ಏನು ಕೈಕೊಡುತ್ತೆ ಅಂತ ಯಾರೂ ಹೇಳಲ್ಲ. ಅದನ್ನೇ ಕೇಳ್ತಿರೋದು.

---

ವ್ಯಾಟ್_ಲೆಕ್ಕ

ಮೊದಲು ಬಸ್ಸಿನ ಲೆಕ್ಕ ಮುಗಿಸೋಣ. ಡೆಕ್‌ನ ಎಲ್‌ಸಿಡಿ ಮಾದರಿಯ ಬ್ಯಾಟರಿ 40 ವ್ಯಾಟ್-ಅವರ್. ಭಾರಿ ಆಟ ಓಡಿಸಿದರೆ ಪ್ರೊಸೆಸರ್ ಒಂದೇ 15 ವ್ಯಾಟ್ ಎಳೆಯುತ್ತೆ. ಪರದೆ, ವೈಫೈ, ಎಸ್‌ಎಸ್‌ಡಿ, ಫ್ಯಾನ್ ಸೇರಿಸಿದರೆ ಒಟ್ಟು 25ರ ಹತ್ತಿರ. 40ನ್ನು 25ರಿಂದ ಭಾಗಿಸಿ: ಒಂದು ಗಂಟೆ 36 ನಿಮಿಷ. ಓಎಲ್‌ಇಡಿ ಮಾದರಿಗೆ 50 ವ್ಯಾಟ್-ಅವರ್ ಇದೆ, ಪರದೆಯೂ ಕಡಿಮೆ ತಿನ್ನುತ್ತೆ, ಎರಡು ಗಂಟೆ ದಾಟುತ್ತೆ. 2023ರ ಅಲೈಯದೂ 40 ವ್ಯಾಟ್-ಅವರ್ರೇ, ಆದರೆ ಟರ್ಬೋ ಮೋಡ್‌ನಲ್ಲಿ ಪ್ರೊಸೆಸರಿಗೇ 25 ವ್ಯಾಟ್ ಬೇಕು. ಗಂಟೆ ಮುಗಿದು ಸ್ವಲ್ಪ ಹೊತ್ತಿಗೆ ಬ್ಯಾಟರಿ ಖಾಲಿ.

ಹೆಚ್ಚಿಸೋ ದಾರಿ ಇದೆ. ಡೆಕ್‌ನಲ್ಲಿ ಬಲಗಡೆಯ ಮೂರು ಚುಕ್ಕಿ ಬಟನ್ ಒತ್ತಿ, ಬ್ಯಾಟರಿ ಚಿತ್ರಕ್ಕೆ ಹೋಗಿ ಫ್ರೇಮ್ ಮಿತಿ (ಸೆಕೆಂಡಿಗೆ ಎಷ್ಟು ಚಿತ್ರ) 40, ಟಿಡಿಪಿ ಮಿತಿ (ಪ್ರೊಸೆಸರ್ ಎಳೆಯೋ ವಿದ್ಯುತ್) 8 ವ್ಯಾಟ್ ಇಡಿ. 40 ಯಾಕೆ ಅಂದರೆ, 30 ಫ್ರೇಮಿಗೆ ಒಂದೊಂದು ಚಿತ್ರ 33.3 ಮಿಲಿಸೆಕೆಂಡ್, 60ಕ್ಕೆ 16.7. ಇವೆರಡರ ನಟ್ಟನಡುವೆ ಬರೋದು 25, ಅಂದರೆ 40 ಫ್ರೇಮ್. ಕಣ್ಣಿಗೆ ಅರವತ್ತರ ಅರ್ಧ ದಾರಿ ಸಿಕ್ಕಹಾಗೆ, ವಿದ್ಯುತ್ ಖರ್ಚು ಮಾತ್ರ ಮೂವತ್ತರ ಹತ್ತಿರ. ಹೀಗಿಟ್ಟರೆ ಒಟ್ಟು 15–16 ವ್ಯಾಟ್, ಎರಡೂವರೆ ಗಂಟೆ. ಹಳೆಯ 2ಡಿ ಆಟಗಳಾದರೆ ಇನ್ನೂ ಎಷ್ಟೋ ಜಾಸ್ತಿ.

ಪವರ್ ಬ್ಯಾಂಕ್ ಅಂತೀರಾ? 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ಪರಿವರ್ತನೆಯಲ್ಲಿ ಸೋರಿ ಕೈಗೆ ಬರೋದು 60 ಚಿಲ್ಲರೆ. ಆದರೆ ಡೆಕ್ ಕೇಳೋದು 45 ವ್ಯಾಟ್. ಪವರ್ ಬ್ಯಾಂಕ್ ಆಗಲಿ ಚಾರ್ಜರ್ ಆಗಲಿ, ಹಿಂಬದಿಯ ಇರುವೆಯಂಥ ಅಕ್ಷರ ಓದಿ: ಔಟ್‌ಪುಟ್ ಸಾಲಿನಲ್ಲಿ 15 ವೋಲ್ಟ್ 3 ಆಂಪಿಯರ್ ಇರಲೇಬೇಕು. ಫೋನಿನ ಜೊತೆ ಬರೋ ಎಷ್ಟೋ "65 ವ್ಯಾಟ್" ಚಾರ್ಜರುಗಳು ಆ 65ನ್ನು ತಮ್ಮದೇ ಕಂಪನಿಯ ಫೋನಿಗೆ ಮಾತ್ರ ಕೊಡ್ತವೆ, ಉಳಿದವಕ್ಕೆ ಅದರಲ್ಲಿ ಕಾಲುಭಾಗವೂ ಸಿಗದಿರಬಹುದು. ಚಾರ್ಜಿಗೆ ಹಾಕಿ ಆಡ್ತಿದ್ದರೂ ಬ್ಯಾಟರಿ ಇಳಿಯುತ್ತಿದ್ದರೆ ಕಾರಣ ಇದೇ.

ಇನ್ನು ನಿಮ್ಮೂರಿನ ಬಿಸಿಲು. ಸುತ್ತಲಿನ ಗಾಳಿ 35 ಡಿಗ್ರಿ ದಾಟಿದರೆ ಡೆಕ್ ವೇಗ ತಗ್ಗಿಸಿಕೊಳ್ಳಬಹುದು ಅಂತ ಅದನ್ನು ಮಾಡೋ ವ್ಯಾಲ್ವ್ ಕಂಪನಿಯೇ ಹೇಳಿದೆ. ಕಲಬುರಗಿಯ ಏಪ್ರಿಲ್-ಮೇನಲ್ಲಿ ಕೋಣೆಯೊಳಗೇ ಅಷ್ಟಿರುತ್ತೆ. ಗಾಳಿ ಎಳೆಯೋದು ಬೆನ್ನಿಂದ, ಬಿಸಿ ಹೊರಬೀಳೋದು ಮೇಲಂಚಿಂದ. ಹಾಸಿಗೆ ಮೇಲೆ ಮಲಗಿಸಿ ಇಟ್ಟರೆ ಬೆನ್ನು ಮುಚ್ಚಿತು. ಚಾರ್ಜ್ ಮಾಡುತ್ತಾ ಆಡಿದರೆ ಬ್ಯಾಟರಿಯ ಬಿಸಿಯೂ ಅದೇ ಡಬ್ಬಿಯೊಳಗೆ ಸೇರುತ್ತೆ. ಲ್ಯಾಪ್‌ಟಾಪ್ ಥರ ದಿನಾ ಎಂಟು ಗಂಟೆ ಡಾಕ್‌ನಲ್ಲಿ 100 ಪರ್ಸೆಂಟ್ ಇಟ್ಟು ಬಳಸಿದರೆ ಬ್ಯಾಟರಿ ಉಬ್ಬೋ ಅಪಾಯ ಹೆಚ್ಚುತ್ತೆ. ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಚಾರ್ಜ್ ಮಿತಿ 80 ಇಡೋಕೆ ಬರುತ್ತೆ (ಸ್ಟೀಮ್‌ಓಎಸ್ 3.7ರಿಂದ). ಅಲೈಯಲ್ಲೂ ಇದೆ. ಡಾಕ್‌ನಲ್ಲೇ ಬಿಡೋದಾದರೆ ಮೊದಲ ದಿನವೇ ಇಡಿ.

---

ಪೆಂಗ್ವಿನ್_ಪಾಟೀಲ

ಬ್ಯಾಟರಿ ಬಿಡಿ, ಪಟ್ಟಿಯ ಅರ್ಧ ಸಾಫ್ಟ್‌ವೇರ್ ಡೆಕ್‌ನಲ್ಲಿ ತೆರೆಯೋದೇ ಇಲ್ಲ.

ಸಾಲಿಡ್‌ವರ್ಕ್ಸ್ ವಿಂಡೋಸ್‌ಗೆ ಮಾತ್ರ. ಡೆಕ್‌ನಲ್ಲಿರೋದು ಆರ್ಚ್ ಲಿನಕ್ಸ್ ಆಧಾರಿತ ಸ್ಟೀಮ್‌ಓಎಸ್. ಅದರಲ್ಲಿರೋ ಪ್ರೋಟಾನ್ ಅನ್ನೋ ಸಾಫ್ಟ್‌ವೇರ್, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸೋಕೆ ಮಾಡಿರೋದು, ಕ್ಯಾಡ್ ಲೈಸೆನ್ಸ್ ಮ್ಯಾನೇಜರಿಗಲ್ಲ. ವ್ಯಾಲೊರಂಟ್ ಕೂಡ ಇಲ್ಲ: ಅದರ ವ್ಯಾನ್‌ಗಾರ್ಡ್ ಆಂಟಿ-ಚೀಟ್ (ಮೋಸದಾಟ ತಡೆಯೋ ಸಾಫ್ಟ್‌ವೇರ್) ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೇ ಕೂರುತ್ತೆ, ಲಿನಕ್ಸಿಗೆ ಬರಲ್ಲ. ಫೋರ್ಟ್‌ನೈಟ್ ಕಥೆಯೂ ಇಷ್ಟೇ. ಏಪೆಕ್ಸ್ ಲೆಜೆಂಡ್ಸ್ ಮೊದಲು ನಡೀತಿತ್ತು, 2024ರ ಕೊನೆಗೆ ಲಿನಕ್ಸನ್ನು ಹೊರಗೆ ಹಾಕಿದರು.

ಅಲೈಯಲ್ಲಿ ವಿಂಡೋಸ್ 11 ಇದೆ, ಹಾಗಾಗಿ ಎರಡೂ ಇನ್‌ಸ್ಟಾಲ್ ಆಗ್ತವೆ. ಆದರೆ ಪಿಸಿಯ ವ್ಯಾಲೊರಂಟ್ ಗೇಮ್‌ಪ್ಯಾಡನ್ನು ಒಪ್ಪಲ್ಲ, ಕೀಬೋರ್ಡ್-ಮೌಸ್ ಬೇಕೇ ಬೇಕು. ಅಂದಮೇಲೆ ಕೈಯಲ್ಲಿ ಹಿಡಿಯೋ ಯಂತ್ರ ಕೊಂಡ ಉದ್ದೇಶವೇ ಹೋಯ್ತು. ಸಾಲಿಡ್‌ವರ್ಕ್ಸ್‌ಗೆ ಮೆಮೊರಿಯ ತಕರಾರು: 16 ಜಿಬಿಯಲ್ಲಿ 4 ಜಿಬಿಯನ್ನು ಗ್ರಾಫಿಕ್ಸ್‌ಗೆ ಮೊದಲೇ ಎತ್ತಿಟ್ಟಿರುತ್ತೆ, ವಿಂಡೋಸ್ ತನ್ನ ಪಾಲು ತಗೊಂಡ ಮೇಲೆ ನಿಮಗೆ ಉಳಿಯೋದು ಎಂಟು ಚಿಲ್ಲರೆ. ಬಿಡಿ ಭಾಗಗಳಿಗೆ, ಸಣ್ಣ ಅಸೆಂಬ್ಲಿಗಳಿಗೆ ಸಾಕು. ಗೇರ್‌ಬಾಕ್ಸ್ ಪೂರ್ತಿ ಜೋಡಿಸೋಕೆ ಹೋದರೆ ಏದುಸಿರು.

ಯಾರೂ ಹೇಳದ ಒಂದು ವಿಷಯ: ಇವಕ್ಕೆ ಕ್ಯಾಮೆರಾ ಇಲ್ಲ. ಡೆಕ್‌ಗೂ ಇಲ್ಲ, ಅಲೈಗೂ ಇಲ್ಲ. ಕ್ಯಾಂಪಸ್ ಆಯ್ಕೆಯ ಆನ್‌ಲೈನ್ ಪರೀಕ್ಷೆಗಳಿಗೆ ವೆಬ್‌ಕ್ಯಾಮ್ ಕಡ್ಡಾಯ, ಎರಡನೇ ಪರದೆ ಕಂಡರೆ ಎಷ್ಟೋ ಪರೀಕ್ಷಾ ಸಾಫ್ಟ್‌ವೇರ್‌ಗಳು ಒಳಗೇ ಬಿಡಲ್ಲ. ಡಾಕ್ ಹಾಕಿದ ಹ್ಯಾಂಡ್‌ಹೆಲ್ಡ್ ಅಂದರೆ ಎರಡು ಪರದೆಯೇ. ಒಳಗಿನದನ್ನು ಆಫ್ ಮಾಡಿ, ಯುಎಸ್‌ಬಿ ಕ್ಯಾಮ್ ಸಿಕ್ಕಿಸಿ, ಆಮೇಲೆ ದೇವರ ಮೇಲೆ ಭಾರ ಹಾಕಬೇಕು.

ಕನ್ನಡ ಟೈಪಿಂಗ್ ಮಾತ್ರ ಡೆಕ್‌ನಲ್ಲಿ ಸಲೀಸು. ಪವರ್ ಬಟನ್ ಒತ್ತಿಹಿಡಿದು ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ, ಸಿಸ್ಟಮ್ ಸೆಟ್ಟಿಂಗ್ಸ್, ಕೀಬೋರ್ಡ್, ಲೇಔಟ್ಸ್. ಅಲ್ಲಿ ಕನ್ನಡದ ಕೆಳಗೆ ಕಗಪ ಫೋನೆಟಿಕ್ ಸಿಗುತ್ತೆ, ಸೇರಿಸಿದರೆ ಆಯ್ತು. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯೋದು ಹೆಚ್ಚೇನಿಲ್ಲ. ಈ ವಿನ್ಯಾಸ ಸಿಸ್ಟಮ್ ಜೊತೆಗೇ ಬರೋದರಿಂದ ಅಪ್‌ಡೇಟ್ ಆದಮೇಲೂ ಇರುತ್ತೆ. ಹೊರಗಿಂದ ಪ್ಯಾಕ್‌ಮನ್‌ನಲ್ಲಿ (ಆರ್ಚ್‌ನ ಸಾಫ್ಟ್‌ವೇರ್ ಹಾಕೋ ಆದೇಶ) ಹಾಕಿಕೊಂಡದ್ದು ಮುಂದಿನ ಅಪ್‌ಡೇಟ್‌ಗೆ ಅಳಿಸಿಹೋಗುತ್ತೆ, ಯಾಕೆಂದರೆ ಅಪ್‌ಡೇಟ್ ಸಿಸ್ಟಮ್ ವಿಭಾಗವನ್ನೇ ಇಡಿಯಾಗಿ ಬದಲಿಸುತ್ತೆ. ಹಾಗಾಗಿ ಲಿಬ್ರೆಆಫೀಸ್ ಮುಂತಾದವನ್ನು ಡಿಸ್ಕವರ್ ಅನ್ನೋ ಆ್ಯಪ್ ಅಂಗಡಿಯಿಂದ ಫ್ಲಾಟ್‌ಪ್ಯಾಕ್ (ಸಿಸ್ಟಮ್‌ನಿಂದ ಬೇರೆಯಾಗಿ ಕೂರೋ ಕಟ್ಟು) ರೂಪದಲ್ಲೇ ತಗೊಳ್ಳಿ. ಪತ್ರಿಕೆಯ ಹಳೇ ಕಡತಗಳು ನುಡಿ 01 ಇ ಫಾಂಟಿನಲ್ಲಿದ್ದರೆ ಆ ಫಾಂಟ್ ಕಡತವನ್ನು ನಿಮ್ಮ ಹೋಮ್ ಫೋಲ್ಡರಿನೊಳಗೆ ಹಾಕಿ, ಅಲ್ಲಿರೋದನ್ನು ಅಪ್‌ಡೇಟ್ ಮುಟ್ಟಲ್ಲ.

---

ಹಳೇಕಾರ್ಟ್ರಿಜ್

ಇದು ಹೊಸ ಆಸೆಯೇನಲ್ಲ. ನೋಕಿಯಾ 2003ರ ಅಕ್ಟೋಬರ್‌ನಲ್ಲಿ ಎನ್-ಗೇಜ್ ತಂತು: ಫೋನ್, ಗೇಮ್, ಎಂಪಿ3, ಎಫ್‌ಎಂ ರೇಡಿಯೋ ಎಲ್ಲ ಒಂದರಲ್ಲಿ. ಗೇಮ್ ಕಾರ್ಡ್ ಕೂರೋ ಜಾಗ ಬ್ಯಾಟರಿಯ ಹಿಂದೆ. ಆಟ ಬದಲಿಸಬೇಕೆಂದರೆ ಹಿಂಬದಿ ಮುಚ್ಚಳ ತೆಗೆ, ಬ್ಯಾಟರಿ ಕೀಳು, ಕಾರ್ಡ್ ಹಾಕು, ಮತ್ತೆ ಫೋನ್ ಆನ್ ಮಾಡು. ಅಷ್ಟು ಹೊತ್ತು ಕರೆ ಬಂದರೆ ಸ್ವಿಚ್ ಆಫ್. ಎದುರು ಭಾಗವೆಲ್ಲ ಪರದೆ-ಬಟನ್‌ಗಳಿಗೆ ಹೋದ್ದರಿಂದ ಸ್ಪೀಕರ್, ಮೈಕ್ ಅಂಚಿಗೆ ಬಂದವು. ಮಾತಾಡೋಕೆ ಫೋನನ್ನು ರೊಟ್ಟಿ ಮಡಚಿ ಹಿಡಿದ ಹಾಗೆ ಅಂಚಿನ ಮೇಲೆ ನಿಲ್ಲಿಸಿ ಕೆನ್ನೆಗೆ ಒತ್ತಬೇಕಿತ್ತು. ಪರದೆ 176×208, ಫೋನಿಗೆ ಒಪ್ಪೋ ಹಾಗೆ ಉದ್ದುದ್ದ. ಓಟದ ಆಟಕ್ಕೆ ಬೇಕಾದದ್ದು ಅಡ್ಡಡ್ಡ.

ಮುಂದಿನ ವರ್ಷ ಬಂದ ಕ್ಯೂಡಿ ಮಾದರಿಯಲ್ಲಿ ಕಾರ್ಡನ್ನು ಹೊರಗಿಂದ ಹಾಕೋ ಹಾಗೆ ಮಾಡಿದರು, ಮಾತಾಡೋದನ್ನೂ ಸರಿಪಡಿಸಿದರು. ಅದಕ್ಕೆ ತೆತ್ತದ್ದು ಏನು? ಎಂಪಿ3 ಮತ್ತು ರೇಡಿಯೋ ಎರಡನ್ನೂ ತೆಗೆದರು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅನ್ನೋದು ತಡವಾಗಿ ಹೊಳೆದಿರಬೇಕು.

ಸೋನಿಯ ಪಿಎಸ್‌ಪಿ (ಕೈಯಲ್ಲಿ ಹಿಡಿದು ಆಡೋ ಕನ್ಸೋಲ್) ಚೆನ್ನಾಗಿ ಮಾರಾಟವಾಯ್ತು, ಆದರೂ ಅದರೊಳಗೂ ಈ ಎಳೆದಾಟ ಇತ್ತು. 333 ಮೆಗಾಹರ್ಟ್ಸ್ ಓಡಬಲ್ಲ ಪ್ರೊಸೆಸರನ್ನು ಆಟಗಳಿಗೆ 222ಕ್ಕೆ ಕಟ್ಟಿಹಾಕಿದ್ದರು. 2007ರ 3.50 ಫರ್ಮ್‌ವೇರ್ ಬಂದಮೇಲಷ್ಟೇ ಪೂರ್ತಿ ಬಿಟ್ಟದ್ದು. ಒಂದೇ 1800 ಎಂಎಎಚ್ ಬ್ಯಾಟರಿಯೇ ಆಟ ತುಂಬಿದ ಯುಎಂಡಿ ಡಿಸ್ಕ್ ತಿರುಗಿಸೋ ಮೋಟಾರನ್ನೂ ಸಾಕಬೇಕಿತ್ತು, 4.3 ಇಂಚಿನ ಪರದೆಯನ್ನೂ ಸಾಕಬೇಕಿತ್ತು.

---

ಡಾಕ್_ಪ್ರಿಯ

ಒಪ್ಪಲ್ಲ. ನಿಂಟೆಂಡೊ ಸ್ವಿಚ್ 2017ರಿಂದ ಟಿವಿಗೂ ಕೈಗೂ ಒಂದೇ ಯಂತ್ರ ಕೊಟ್ಟು ಗೆದ್ದಿಲ್ವಾ? ಗ್ರಾಫಿಕ್ಸ್ ಕೈಯಲ್ಲಿದ್ದಾಗ 307ರಿಂದ 460 ಮೆಗಾಹರ್ಟ್ಸ್, ಡಾಕ್‌ನಲ್ಲಿ 768. ಅದೇ ಚಿಪ್, ಎರಡು ಬಾಳು. ಸರಿಯಾಗಿ ಮಾಡಿದರೆ ಆಗುತ್ತೆ.

---

ಹಳೇಕಾರ್ಟ್ರಿಜ್

ಸ್ವಿಚ್‌ನಲ್ಲಿ ಎರಡು ಕಡೆಯೂ ಕೆಲಸ ಒಂದೇ, ಆಟ. ಬದಲಾಗೋದು ಪರದೆ ಮಾತ್ರ. ಅದರಲ್ಲಿ ಆಫೀಸ್ ಸಾಫ್ಟ್‌ವೇರ್ ಇಲ್ಲ, ಮಾಮೂಲಿ ಬ್ರೌಸರ್ ಕೂಡ ಇಲ್ಲ. ಇಲ್ಲಿ ಕೇಳಿರೋದು ಆಟಿಕೆಯೂ ಪರೀಕ್ಷೆಯ ಯಂತ್ರವೂ ಒಂದೇ ಆಗಲಿ ಅಂತ. ಸ್ಟಿಕ್ ಕೆಟ್ಟು ಸರ್ವಿಸ್‌ಗೆ ಕೊಟ್ಟರೆ ಆ ಎರಡು ವಾರ ಅಸೈನ್‌ಮೆಂಟ್ ಎಲ್ಲಿ ಬರೆಯೋದು?

---

ವ್ಯಾಟ್_ಲೆಕ್ಕ

ಅದಕ್ಕೆ ಇನ್ನೊಂದು ಸೇರಿಸಿ: ಡೆಕ್‌ಗೆ ಇರೋದು ಒಂದೇ ಟೈಪ್-ಸಿ ಕಿಂಡಿ. ಚಾರ್ಜ್, ಮಾನಿಟರ್, ಪೆನ್‌ಡ್ರೈವ್ ಎಲ್ಲ ಅದರಿಂದಲೇ. ದಿನಕ್ಕೆ ನಾಲ್ಕು ಸಲ ಡಾಕ್‌ಗೆ ಹಾಕಿ ತೆಗೆದರೆ ಸವೆಯೋದು ಆ ಒಂದು ಕಿಂಡಿ. ಅದು ಬೋರ್ಡಿಗೇ ಬೆಸುಗೆ ಹಾಕಿದ್ದು, ಅಲ್ಲಾಡಿದರೆ ಚಾರ್ಜ್ ಕೂಡ ಹೋಯ್ತು. ಇಂಥವೇ ಆದ ಲೀಜನ್ ಗೋ, ಅಲೈ ಎಕ್ಸ್‌ಗೆ ಎರಡೆರಡು ಇವೆ, ಆದರೆ ಅವು ಈ ಬಜೆಟ್ಟಿಗೆ ನಿಲುಕಲ್ಲ. ಡೆಕ್‌ಗಾದರೆ ಅರ್ಧ ಅಡಿ ಉದ್ದದ ವಯರ್ ಇರೋ ಡಾಕ್ ತಗೊಳ್ಳಿ, ನೇರ ಚುಚ್ಚಿ ನೇತಾಡೋದು ಬೇಡ.

---

ಬಿಸಿಲೂರು_ಹುಡುಗ

ಅರ್ಥ ಆಯ್ತು. ಹಾಗಾದರೆ 45 ಸಾವಿರಕ್ಕೆ ಸಾಧಾರಣ ವಿಂಡೋಸ್ ಲ್ಯಾಪ್‌ಟಾಪ್, ಉಳಿದ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಡೆಕ್ ಎಲ್‌ಸಿಡಿ ಸಿಕ್ಕರೆ ನೋಡ್ತೀನಿ. ಕೊಳ್ಳುವಾಗ ಏನೇನು ನೋಡಬೇಕು?

---

ಪೆಂಗ್ವಿನ್_ಪಾಟೀಲ

ವ್ಯಾಲ್ವ್ ಇಲ್ಲಿ ಅಧಿಕೃತವಾಗಿ ಮಾರಲ್ಲ, ಬರೋದೆಲ್ಲ ಹೊರಗಿಂದ ತಂದದ್ದು, ವಾರಂಟಿ ಸೊನ್ನೆ ಅಂದ್ಕೊಂಡೇ ಬೆಲೆ ಕಟ್ಟಿ. ಎದುರಿಗೆ ಕೂತು ಇಪ್ಪತ್ತು ನಿಮಿಷ ಕೊಡಿ.

ಮೊದಲು ಆಫ್ ಇರುವಾಗಲೇ ಮೇಜಿನ ಮೇಲೆ ಬೆನ್ನಡಿ ಮಾಡಿ ಇಟ್ಟು ನೋಡಿ. ಹಿಂಬದಿ ಕವಚದ ಜೋಡಣೆಯಲ್ಲಿ ಉಗುರು ತೂರೋ ಸಂದು ಕಂಡರೆ, ಟ್ರ್ಯಾಕ್‌ಪ್ಯಾಡ್ ಮೇಲೆದ್ದ ಹಾಗಿದ್ದರೆ ಬ್ಯಾಟರಿ ಉಬ್ಬಿರಬಹುದು, ಅಲ್ಲಿಗೇ ಎದ್ದು ಬನ್ನಿ. ಆನ್ ಮಾಡಿ ಸೆಟ್ಟಿಂಗ್ಸ್‌ನ ಕಂಟ್ರೋಲರ್ ವಿಭಾಗದಲ್ಲಿ ಇನ್‌ಪುಟ್ ಪರೀಕ್ಷೆ ತೆರೆದು ಎರಡೂ ಸ್ಟಿಕ್‌ಗಳನ್ನು ಅಂಚಿಗೆ ಸುತ್ತಿಸಿ ಬಿಡಿ. ಚುಕ್ಕಿ ನಡುವಿಗೆ ಬಂದು ನಿಲ್ಲಬೇಕು. ಮೆಲ್ಲಗೆ ಒಂದು ಕಡೆ ಜಾರುತ್ತಿದ್ದರೆ ಒಳಗಿನ ಕಾರ್ಬನ್ ಪಟ್ಟಿ ಸವೆದಿದೆ. ಸ್ಟಿಕ್ ಬಿಡಿಯಾಗಿ ಸಿಗುತ್ತೆ, ಹಾಲ್ ಎಫೆಕ್ಟ್ (ಆಯಸ್ಕಾಂತದಿಂದ ಚಲನೆ ಅಳೆಯೋ) ಮಾದರಿಯವೂ ಇವೆ, ಅವು ಹಾಗೆ ಸವೆಯಲ್ಲ. ಆ ಖರ್ಚನ್ನು ಬೆಲೆಯಲ್ಲಿ ಕಳೀರಿ.

ಆಮೇಲೆ ಡೆಸ್ಕ್‌ಟಾಪ್ ಮೋಡ್‌ನಲ್ಲಿ ಇನ್ಫೋ ಸೆಂಟರ್ ತೆರೆದು ಎನರ್ಜಿ ವಿಭಾಗಕ್ಕೆ ಹೋಗಿ. ಮೂಲ ಸಾಮರ್ಥ್ಯ 40ರ ಆಸುಪಾಸು ತೋರಿಸುತ್ತೆ, ಪಕ್ಕದಲ್ಲಿ ಈಗ ಪೂರ್ತಿ ತುಂಬಿದರೆ ಎಷ್ಟು ಹಿಡಿಯುತ್ತೆ ಅನ್ನೋದು. 34ಕ್ಕಿಂತ ಕಡಿಮೆ ಇದ್ದರೆ ಚೌಕಾಸಿ ಮಾಡಿ, 30ಕ್ಕಿಂತ ಕೆಳಗಿದ್ದರೆ ಬೇಡ. ಬ್ಯಾಟರಿ ಬದಲಿಸೋದು ಅಂಟಿನ ಜಗಳ, ಸ್ಟಿಕ್ ಬದಲಿಸಿದಷ್ಟು ಸುಲಭ ಅಲ್ಲ.

64 ಜಿಬಿ ಮಾದರಿ ಸಿಕ್ಕರೆ ಹೆದರಬೇಡಿ. 2230 ಅಳತೆಯ (22 ಮಿ.ಮೀ. ಅಗಲ, 30 ಮಿ.ಮೀ. ಉದ್ದ) ಎಸ್‌ಎಸ್‌ಡಿ ತಂದು ನೀವೇ ಬದಲಿಸಬಹುದು, 2242 ಮತ್ತು 2280 ಒಳಗೆ ಕೂರಲ್ಲ. ಕ್ರಮ ಹೀಗೆ: ಪೂರ್ತಿ ಆಫ್ ಮಾಡಿ, ವಾಲ್ಯೂಮ್ ಹೆಚ್ಚಿಸೋ ಬಟನ್ ಹಿಡಿದು ಪವರ್ ಒತ್ತಿ, ಸೆಟಪ್‌ನ ಪವರ್ ಪುಟದಲ್ಲಿ ಬ್ಯಾಟರಿ ಸ್ಟೋರೇಜ್ ಮೋಡ್ ಆನ್ ಮಾಡಿ. ಬೆನ್ನಿನಲ್ಲಿ ಎಂಟು ಸ್ಕ್ರೂ, ನಾಲ್ಕು ಉದ್ದ, ನಾಲ್ಕು ಗಿಡ್ಡ, ಯಾವುದು ಎಲ್ಲಿಯದು ಅಂತ ಕಾಗದದ ಮೇಲೆ ಚುಚ್ಚಿಡಿ. ಅದಲುಬದಲಾದರೆ ಸ್ಕ್ರೂ ಕೂರೋ ಪ್ಲಾಸ್ಟಿಕ್ ತೂತು ಹಾಳಾಗುತ್ತೆ. ಹಳೇ ಎಸ್‌ಎಸ್‌ಡಿಗೆ ಸುತ್ತಿದ ಲೋಹದ ಹಾಳೆಯ ತೋಳನ್ನು ಜಾರಿಸಿ ಹೊಸದಕ್ಕೆ ಹಾಕಿ, ಅದು ವೈಫೈಗೆ ಅಡ್ಡಿ ಬರದಂತೆ ಇರೋದು.

ಮುಚ್ಚಳಕ್ಕೆ ಕೈ ಹಾಕೋ ಮೊದಲೇ ಮೈಕ್ರೋಎಸ್‌ಡಿ ಕಾರ್ಡ್ ಹೊರಗೆ ತೆಗೆದಿಡಿ. ಕವಚ ಮೇಲೇಳುವಾಗ ಕಾರ್ಡ್ ಅಡ್ಡ ಸಿಕ್ಕಿ ಎರಡು ತುಂಡಾಗುತ್ತೆ.