ಸಹಾಯ ಬೇಕು: ಜೀಪಿನ ಮುಂದಿನ, ಹಿಂದಿನ ಆಕ್ಸಲ್ ರೇಶಿಯೋ ಹೊಂದವಲ್ದು

ನಮಸ್ಕಾರ್ರಿ. ಗದಗ ಕಡೆ ಹೊಲದ ಕೆಲಸಕ್ಕ ಓಡೋ ಹಳೇ ಫೋರ್ ವೀಲ್ ಜೀಪು. ಗುಜರಿಯೊಳಗ ಸಿಕ್ಕ ಹಿಂದಿನ ಆಕ್ಸಲ್ ಹಾಕಿದ ಮ್ಯಾಲೆ ತೊಂದ್ರಿ ಶುರು. ಹಸಿ ಎರಿ ಹೊಲದಾಗ ಫೋರ್ ಹೈ (ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗೋ ಮಾಮೂಲಿ ವೇಗದ ಗೇರ್) ಹಾಕಿದ್ರ ಏನೂ ಗೊತ್ತಾಗಂಗಿಲ್ಲ, ಟೈರ್ ಜಾರಿ ಹೊಂದಿಸ್ಕೋತಾವ. ಡಾಂಬರ್ ರಸ್ತಾದಾಗ 50 ಮೀಟರ್ ಹೋಗೂದ್ರಾಗ ಬ್ರೇಕ್ ಹಿಡಿದಂಗ ಆಗಿ ಟ್ರಾನ್ಸ್‌ಫರ್ ಲಿವರ್ (ಎರಡು ಗಾಲಿ, ನಾಲ್ಕು ಗಾಲಿ ಬದಲಿಸೋದು) ಸಿಗಬೀಳ್ತೈತಿ, ಸ್ವಲ್ಪ ರಿವರ್ಸ್ ತಗೊಂಡ್ರನ ಬಿಡೂದು. ತಿರುವಿನ್ಯಾಗ ಆದ್ರ ಸಹಜ, ಇದು ನೆಟ್ಟಗ ಹೊಂಟಾಗನೂ ಆಗ್ತೈತಿ.

ನಾಲ್ಕೂ ಟೈರ್ ಸುತ್ತಳತಿ ಟೇಪ್ ಹಿಡಿದು ನೋಡೇನಿ, ಒಂದ ಐತಿ. ಗಾಳಿನೂ ಸಮ. ಟ್ರಾನ್ಸ್‌ಫರ್ ಕೇಸ್ (ಬಲನ ಮುಂದ, ಹಿಂದ ಹಂಚೋ ಗೇರ್ ಪೆಟ್ಟಿಗಿ) ಬಿಚ್ಚಿದ್ರ ಗೇರ್, ಬೇರಿಂಗ್ ಚಲೋ ಅದಾವ. ಆಮ್ಯಾಲೆ ನ್ಯೂಟ್ರಲ್ ಮಾಡಿ, ಉಳಿದ ಗಾಲಿಗೆ ಕಲ್ಲು ಕೊಟ್ಟು, ಒಂದ ಗಾಲಿ ಜ್ಯಾಕ್ ಮ್ಯಾಲೆ ಎತ್ತಿ ಪೂರ್ತಿ ಎರಡು ಸುತ್ತು ತಿರುಗಿಸಿದೆ. ಪ್ರೊಪೆಲ್ಲರ್ ಶಾಫ್ಟಿಗೆ (ಆಕ್ಸಲ್‌ಗೆ ಬಲ ಒಯ್ಯೋ ಉದ್ದನ ದಂಡ) ಸೀಮೆಸುಣ್ಣದ ಗೆರಿ ಎಳೆದು ಅದರ ಸುತ್ತು ಎಣಿಸಿದೆ. (ಮುಂದ ಎಣಿಸುವಾಗ ಎರಡೂ ಹಬ್ (ಮುಂದಿನ ಗಾಲಿನ ಆಕ್ಸಲ್‌ಗೆ ಕೂಡಿಸೋ ಕೊಂಡಿ) ಲಾಕ್ ಇರಬೇಕ್ರಿ, ಇಲ್ಲಂದ್ರ ಲೆಕ್ಕ ತಪ್ಪತೈತಿ.) ಹಿಂದ ಐದೂ ಕಾಲು ದಾಟತೈತಿ, ಮುಂದ ಐದಕ್ಕ ಸ್ವಲ್ಪ ಕಡಿಮಿ. ಕವರ್ ಬಿಚ್ಚಿ ಹಲ್ಲು ಎಣಿಸಿದ್ರ ಹಿಂದ 43:8, ಮುಂದ 39:8. ಅಂದ್ರ ರೇಶಿಯೋ (ಆಕ್ಸಲ್ ಒಂದ ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟಿನ ಸುತ್ತು) 5.38 ಮತ್ತ 4.88, ಶೇಕಡಾ 10ರಷ್ಟು ಫರಕ.

ಹೊಲಕ್ಕ 5.38 ನ ಬೇಕು, ಹಿಂಗಾಗಿ ಮುಂದಿಂದ ಬದಲಿಸಬೇಕಂತ ಮಾಡೇನಿ. ಗೊಂದಲ ಇಲ್ಲೇ ಐತಿ: ಈಗಿರೋ ಡಿಫರೆನ್ಶಿಯಲ್ ಕೇಜಿಗೇ (ಆಕ್ಸಲ್ ಒಳಗ ಕ್ರೌನ್ ಹಿಡಿಯೋ ಚೌಕಟ್ಟು) 43:8 ಕ್ರೌನ್-ಪಿನಿಯನ್ (ದೊಡ್ಡ, ಸಣ್ಣ ಗೇರಿನ ಜೋಡಿ) ಕೂಡತೈತೋ, ಪೂರ್ತಿ ಆಕ್ಸಲ್‌ನ ಬದಲಿಸಬೇಕೋ? ಕೂಡೂದಾದ್ರ ಪಿನಿಯನ್ ಹಳೇ ಶಿಮ್ (ಅಂತರ ಹೊಂದಿಸೋ ತೆಳು ಬಿಲ್ಲೆ) ಮ್ಯಾಲೇ ಕೂಡಿಸಬಹುದೇನು, ಹೊಸದಾಗಿ ಅಳತಿ ಮಾಡಬೇಕೇನು? ಈ ಕೆಲಸ ಕೈಯಾರೆ ಮಾಡಿದವ್ರು ದಯವಿಟ್ಟು ಹೇಳ್ರಿ.