ಕಾರ್ಯಪ್ಪನವರು, ಒಬ್ಬ ಅಪ್ಪನಾಗಿ

ಅತ್ತಿಗೆ, ಜನವರಿ 15ರ ಸೇನಾ ದಿನಕ್ಕೆ ಪುಟ್ಟಿ ಶಾಲೆಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಗ್ಗೆ ಮಾತಾಡಬೇಕು, ನೋಡಿ ಹೇಳಿ ಅಂತ ಹಾಕಿದ್ದೀರಲ್ಲ. ಅವಳು ಬರೆದ ಪುಟ ಓದಿದೆ. ಪದವಿ, ಇಸವಿ ಎಲ್ಲ ಸರಿ ಇದೆ. ಆದರೆ ಅದರಲ್ಲಿ ಮನೆ, ಮಕ್ಕಳು ಇಲ್ಲ. ಅದನ್ನೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಪುಟ್ಟಿ, ಅವರು ಹುಟ್ಟಿದ್ದು ನಮ್ಮ ಕೊಡಗಿನ ಶನಿವಾರಸಂತೆಯಲ್ಲಿ, 1899ರ ಜನವರಿ 28ರಂದು. ಮನೆಯವರು ಕರೆಯುತ್ತಿದ್ದದ್ದು ಚಿಮ್ಮ ಅಂತ. ನೀನು ಆ ಹೆಸರಿನಿಂದಲೇ ಶುರು ಮಾಡು, ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ಮಡಿಕೇರಿಯಲ್ಲಿ ಓದಿ, ಮದರಾಸಿನ ಕಾಲೇಜಿಗೆ ಹೋಗಿ, 1919ರಲ್ಲಿ ಇಂದೋರಿನಲ್ಲಿ ಸೇನಾ ತರಬೇತಿ ಪಡೆದರು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ (ಸೇನಾಧಿಕಾರಿಗಳ ಉನ್ನತ ತರಬೇತಿ ಕಾಲೇಜು) ಹೋದ ಮೊದಲ ಭಾರತೀಯ, ಬೆಟಾಲಿಯನ್ (ನೂರಾರು ಸೈನಿಕರ ತುಕಡಿ) ನಡೆಸಿದ ಮೊದಲ ಭಾರತೀಯ, ಇದನ್ನೆಲ್ಲ ನೀನು ಬರೆದಿದ್ದೀಯ.

ಈಗ 1949ರ ಜನವರಿ 15. ಜನರಲ್ ಬುಚರ್ ಅವರಿಂದ ಇವರು ಸೇನೆಯ ಹೊಣೆ ತೆಗೆದುಕೊಂಡ ದಿನ. ಅಲ್ಲಿಯವರೆಗೆ ಆ ಜಾಗದಲ್ಲಿ ಬ್ರಿಟಿಷರೇ ಇದ್ದರು. ಸೇನಾ ದಿನ ಬಂದದ್ದೇ ಹಾಗೆ. ಆಗ ಅವರಿಗೆ ಐವತ್ತು ತುಂಬಲು ಇನ್ನು 13 ದಿನ. ಮಗ ನಂದನಿಗೆ ಹನ್ನೊಂದು ವರ್ಷ, ಮಗಳು ನಳಿನಿಗೆ ಆರೂ ಆಗಿರಲಿಲ್ಲ. ಗಂಡ ಹೆಂಡತಿ ಮೊದಲೇ ಬೇರೆಯಾಗಿದ್ದರು, ಆಮೇಲೆ ತಾಯಿ ಅಪಘಾತದಲ್ಲಿ ತೀರಿಹೋಗಿದ್ದರು. ದೇಶದ ಸೇನೆ ಒಂದು ಕಡೆ, ತಾಯಿ ಇಲ್ಲದ ಎರಡು ಮಕ್ಕಳು ಇನ್ನೊಂದು ಕಡೆ. ಇದನ್ನು ಯಾರೂ ಹೇಳುವುದೇ ಇಲ್ಲ, ಅಲ್ವಾ?

ಆ ನಂದ ದೊಡ್ಡವನಾಗಿ ವಾಯುಪಡೆ ಸೇರಿದ. 1965ರ ಯುದ್ಧದಲ್ಲಿ ಹಂಟರ್ ವಿಮಾನ ಹಾರಿಸುತ್ತಿದ್ದ. ಸೆಪ್ಟೆಂಬರ್ 22ರಂದು ವಿಮಾನಕ್ಕೆ ಗುಂಡು ಬಿತ್ತು. ಪಾಕಿಸ್ತಾನದವರ ಕೈಗೆ ಸೆರೆ ಸಿಕ್ಕ. ಮರುದಿನ ಬೆಳಗಿನ ಜಾವಕ್ಕೆ ಕದನ ವಿರಾಮ! ಒಂದೇ ಒಂದು ದಿನ. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆಗ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್. ದೇಶ ಎರಡಾಗುವ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ನಿಮ್ಮ ಮಗ ಕ್ಷೇಮ, ಬೇಕಾದರೆ ಬಿಟ್ಟು ಕಳಿಸುತ್ತೇನೆ ಅಂತ ಹೇಳಿ ಕಳಿಸಿದರು. ಇವರು ಬೇಡ ಅಂದರು. ಸೆರೆಯಲ್ಲಿ ಇರುವವರೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ, ಬಿಡುವುದಾದರೆ ಎಲ್ಲರನ್ನೂ ಬಿಡಿ ಅನ್ನುವುದು ಅವರ ಉತ್ತರ. ನಂದ ವಾಪಸ್ ಬಂದದ್ದು 1966ರ ಜನವರಿಯಲ್ಲಿ, ಉಳಿದವರ ಜೊತೆ. ನಾಲ್ಕು ತಿಂಗಳು.

ಈ ಕತೆ ಪ್ರತಿ ವರ್ಷ ವಾಟ್ಸಾಪಿನಲ್ಲಿ ಬರುತ್ತದೆ. ಕಲ್ಲಿನಂಥ ಮನುಷ್ಯ, ಮಗನನ್ನೂ ಲೆಕ್ಕಿಸಲಿಲ್ಲ ಅಂತ ಬರೆದಿರುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಲೆಕ್ಕಿಸದೆ ಇರುತ್ತಾರಾ? ಒಂಟಿಯಾಗಿ ಬೆಳೆಸಿದ ಮಗ. ಬೇರೆ ಸೆರೆಯಾಳುಗಳ ಅಪ್ಪಂದಿರಿಗೆ ಅಯೂಬ್ ಪರಿಚಯ ಇರಲಿಲ್ಲ. ತನಗಿದೆ ಅಂತ ಮುಂದೆ ನುಗ್ಗದೆ, ಅವರ ಜೊತೆಗೇ ಕಾದರು. ಪುಟ್ಟಿ, ಇದನ್ನು ನಿಧಾನವಾಗಿ ಹೇಳು, ಕೂಗಬೇಡ.

ಇನ್ನೊಂದು. 1953ರಲ್ಲಿ ನಿವೃತ್ತರಾದ ಮೇಲೂ ಸೈನಿಕರನ್ನು ಮರೆಯಲಿಲ್ಲ. ಮಾಜಿ ಸೈನಿಕರಿಗಾಗಿ 1964ರಲ್ಲಿ ಒಂದು ಸಂಘವನ್ನೇ ಕಟ್ಟಿದರು. ಫೀಲ್ಡ್ ಮಾರ್ಷಲ್ ಪದವಿ ಕೈಗೆ ಬಂದದ್ದು 1986ರಲ್ಲಿ, 87ನೇ ವಯಸ್ಸಿನಲ್ಲಿ. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಹೋದರು. ಅಂತ್ಯಸಂಸ್ಕಾರ ಮಡಿಕೇರಿಯಲ್ಲಿ, ಅವರ ಮನೆ ರೋಶನಾರಾ ಇದ್ದ ಊರಿನಲ್ಲಿ. ಆ ಮಗ ನಂದ ಮುಂದೆ ಏರ್ ಮಾರ್ಷಲ್ ಆದರು, ಅಪ್ಪನ ಜೀವನವನ್ನು ತಾವೇ ಪುಸ್ತಕವಾಗಿ ಬರೆದರು.

ಅತ್ತಿಗೆ, ಪದವಿಗಳ ಸಾಲು ಅರ್ಧಕ್ಕೆ ಇಳಿಸಿ. ಪುಟ್ಟಿ, ಹೊಸದಾಗಿ ಬರೆದು, ಓದಿ, ವಾಯ್ಸ್ ಕಳಿಸು. ಚಿಕ್ಕಪ್ಪ ರಾತ್ರಿ ಊಟ ಆದಮೇಲೆ ಕೇಳುತ್ತೇನೆ.